ಅಸಾದ್‌ಗೆ ಅರಬ್ಬರು ಮತ್ತೆ ಮಣೆ ಹಾಕಿದ್ದು ಸರಿಯಿತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾರ್ಜಾದಲ್ಲಿ ಕೆಲವು ವರ್ಷ ಕೆಲಸ ಮಾಡಿ ಊರಿಗೆ ಬಂದವನು ನಾನು. ಅಲ್ಲಿದ್ದೆ ಅನ್ನುವ ಒಂದೇ ಕಾರಣಕ್ಕೆ ಗೆಳೆಯರು, ಭಾವಮೈದುನರು, ಕೊನೆಗೆ ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರೂ ಅರಬ್ ರಾಜಕೀಯ ಕೇಳುತ್ತಾರೆ. ಸಿರಿಯಾ ವಿಷಯ ಬಂದರಂತೂ ಪಾಯಸ ಬಂದರೂ ಪ್ರಶ್ನೆ ಮುಗಿಯುವುದಿಲ್ಲ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಒಂದು ಕಡೆ ಬರೆದಿಟ್ಟರೆ ಆಯಿತು ಅಂತ ಕೂತೆ. ನಾನು ಪಂಡಿತನಲ್ಲ. ಆದರೆ ಅಭಿಪ್ರಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಯಾವ ದೇಶ, ಏನು ಜಗಳ? ಚುಟುಕಾಗಿ ಹೇಳಿ.

ಸಿರಿಯಾ. 2011ರಲ್ಲಿ ಅಧ್ಯಕ್ಷ ಬಶರ್ ಅಲ್-ಅಸಾದ್ ತನ್ನ ಜನರ ಮೇಲೇ ಸೈನ್ಯ ಬಿಟ್ಟ. ಅರಬ್ ದೇಶಗಳು ಅವನನ್ನು ಪಂಕ್ತಿಯಿಂದ ಎಬ್ಬಿಸಿದವು. 2018ರ ಕೊನೆಯಿಂದ ಒಂದೊಂದೇ ದೇಶ ಮತ್ತೆ ಹತ್ತಿರ ಸರಿಯಿತು. 2023ರ ಮೇ ತಿಂಗಳಲ್ಲಿ ಅರಬ್ ದೇಶಗಳ ಒಕ್ಕೂಟವಾದ ಅರಬ್ ಲೀಗ್‌ನ ಕುರ್ಚಿ ವಾಪಸ್ ಕೊಟ್ಟರು. ಒಂದೂವರೆ ವರ್ಷ ಕಳೆಯಿತು, 2024ರ ಡಿಸೆಂಬರ್ 8ಕ್ಕೆ ಅವನು ದೇಶ ಬಿಟ್ಟು ಮಾಸ್ಕೋಗೆ ಓಡಿದ. ಕೊನೆ ಗೊತ್ತಾದ ಮೇಲೆ ನಡುವಿನ ತಪ್ಪು ಹುಡುಕುವುದು ಸುಲಭ ಅಂತ ನೀವು ಹೇಳಬಹುದು. ನಿಜ. ಆದರೆ ಈ ತಪ್ಪು ಆಗಲೇ ಕಾಣುತ್ತಿತ್ತು ಅನ್ನುವುದು ನನ್ನ ವಾದ.

ಅಸಾದ್ ಕಣ್ಣಿನ ಡಾಕ್ಟರ್ ಅಂತಾರಲ್ಲ, ಹೌದಾ?

ಹೌದು, ಲಂಡನ್‌ನಲ್ಲಿ ಕಣ್ಣಿನ ವೈದ್ಯಕೀಯ ಓದುತ್ತಿದ್ದ. ಅಪ್ಪ ಹಾಫೆಜ್ ಅಲ್-ಅಸಾದ್ 1970ರಲ್ಲಿ ಸೈನ್ಯದ ಬಲದಿಂದ ಅಧಿಕಾರ ಹಿಡಿದವನು. ಗಾದಿಗೆ ಅಂತ ತಯಾರು ಮಾಡಿದ್ದು ದೊಡ್ಡ ಮಗನನ್ನು. ಅವನು 1994ರಲ್ಲಿ ಕಾರು ಅಪಘಾತದಲ್ಲಿ ಸತ್ತ. ಎರಡನೆಯವನನ್ನು ಲಂಡನ್‌ನಿಂದ ಕರೆಸಿದರು. 2000ರಲ್ಲಿ ಅಪ್ಪ ಸತ್ತಾಗ ಬಶರ್‌ಗೆ 34 ವರ್ಷ. ಸಂವಿಧಾನದ ಪ್ರಕಾರ ಅಧ್ಯಕ್ಷನಿಗೆ 40 ಆಗಿರಬೇಕಿತ್ತು. ಏನು ಮಾಡಿದರು? 40 ಅನ್ನು 34 ಮಾಡಿದರು. ಸರಿಯಾಗಿ 34. ಬಟ್ಟೆಗೆ ಅಳತೆ ತಗೊಂಡ ಹಾಗೆ.

ಸಂಬಂಧ ಕೆಟ್ಟಿದ್ದು ಯಾಕೆ?

ದರಾ ಅಂತ ಜೋರ್ಡಾನ್ ಗಡಿ ಹತ್ತಿರದ ಊರು. 2011ರ ಆರಂಭದಲ್ಲಿ, ಟುನೀಶಿಯಾ ಮತ್ತು ಈಜಿಪ್ಟ್‌ನ ಅಧ್ಯಕ್ಷರು ಉರುಳಿದ್ದನ್ನು ಟಿವಿಯಲ್ಲಿ ನೋಡಿದ್ದ ಒಂದಷ್ಟು ಹುಡುಗರು ಶಾಲೆಯ ಗೋಡೆ ಮೇಲೆ ಬಣ್ಣದಲ್ಲಿ ಬರೆದರು: ಈಗ ನಿನ್ನ ಸರದಿ, ಡಾಕ್ಟರೇ. ಅಷ್ಟೇ. ಹುಡುಗರನ್ನು ಎತ್ತಾಕಿಕೊಂಡು ಹೋಗಿ ಹಿಂಸೆ ಕೊಟ್ಟರು. ಅಪ್ಪ ಅಮ್ಮಂದಿರು ಬೀದಿಗೆ ಬಂದರು, ಅವರ ಮೇಲೆ ಗುಂಡು ಬಿತ್ತು. ಹೆಣ ಮಣ್ಣು ಮಾಡಲು ಬಂದವರ ಮೇಲೂ ಬಿತ್ತು. ಒಂದು ಊರಿನ ಸಿಟ್ಟು ಇಡೀ ದೇಶದ ಸಿಟ್ಟಾಯಿತು.

ಅರಬ್ ಲೀಗ್ ಮೊದಲು ಮಾತಾಡಿ ನೋಡಿತು. ಸೈನ್ಯ ವಾಪಸ್ ತಗೊಳ್ಳಿ, ಕೈದಿಗಳನ್ನು ಬಿಡಿ ಅಂತ ಹೇಳಿತು. ಅಸಾದ್ ಹೂಂ ಅಂದ, ಮಾಡಲಿಲ್ಲ. 2011ರ ನವೆಂಬರ್ 12ರಂದು ಲೀಗ್ ಸಿರಿಯಾವನ್ನು ಅಮಾನತು ಮಾಡಿತು. 22 ದೇಶಗಳ ಪೈಕಿ 18 ಒಪ್ಪಿದವು. ಯೆಮನ್, ಲೆಬನಾನ್ ಮತ್ತು ಸಿರಿಯಾ ವಿರೋಧಿಸಿದವು, ಇರಾಕ್ ಮತ ಹಾಕಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಗಲ್ಫ್ ದೇಶಗಳು ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡವು. 2013ರ ದೋಹಾ ಶೃಂಗಸಭೆಯಲ್ಲಂತೂ ಸಿರಿಯಾದ ಕುರ್ಚಿಯಲ್ಲಿ ವಿರೋಧಿ ಗುಂಪಿನ ಮೋವಾಜ್ ಅಲ್-ಖತೀಬ್ ಅವರನ್ನು ಕೂರಿಸಿದರು.

ಲೀಗ್ ಅಂದರೆ ಅಷ್ಟು ದೊಡ್ಡ ವಿಷಯವಾ?

ಕೆಲಸದಲ್ಲಿ ನೋಡಿದರೆ ಅಲ್ಲ. ಜಾಸ್ತಿ ಭಾಷಣ, ಕಡಿಮೆ ಕೆಲಸ ಅಂತ ಅರಬ್ಬರೇ ನಗಾಡುತ್ತಾರೆ. ಆದರೆ ಮರ್ಯಾದೆಯ ಲೆಕ್ಕದಲ್ಲಿ ದೊಡ್ಡದು. 1945ರಲ್ಲಿ ಕೈರೋದಲ್ಲಿ ಲೀಗ್ ಕಟ್ಟಿದ ದೇಶಗಳಲ್ಲಿ ಸಿರಿಯಾ ಒಂದು. ತಾವೇ ಅರಬ್ ಎಂಬ ಭಾವನೆಯ ಹೃದಯ ಅಂತ ಸಿರಿಯಾದ ರಾಜಧಾನಿ ಡಮಾಸ್ಕಸ್‌ನವರು ಎದೆ ತಟ್ಟಿಕೊಂಡು ಬಂದವರು. ಅಂಥವರನ್ನೇ ಹೊರಗೆ ಹಾಕುವುದು ಎಂದರೆ ಊರಿನ ದೊಡ್ಡ ಮನೆಯವರಿಗೆ ಬಹಿಷ್ಕಾರ ಹಾಕಿದ ಹಾಗೆ. ಹಿಂದೆ ಈಜಿಪ್ಟ್‌ಗೂ ಹೀಗೆ ಆಗಿತ್ತು. ಇಸ್ರೇಲ್ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿತು ಅಂತ 1979ರಲ್ಲಿ ಹೊರಗಿಟ್ಟು, 1989ರಲ್ಲಿ ಸೇರಿಸಿಕೊಂಡರು.

ಅರಬ್ ದೇಶಗಳಲ್ಲೂ ರಾಜರು, ಜನರಲ್‌ಗಳೇ ತಾನೇ? ಇನ್ನೊಬ್ಬ ಸರ್ವಾಧಿಕಾರಿಗೆ ಬುದ್ಧಿ ಹೇಳೋಕೆ ಇವರು ಯಾರು?

ಒಳ್ಳೆ ಪ್ರಶ್ನೆ, ಮತ್ತು ಇದಕ್ಕೆ ನೇರ ಉತ್ತರ ಕೊಡದೆ ಮುಂದೆ ಹೋಗಬಾರದು. ಪ್ರಜಾಪ್ರಭುತ್ವ ಇಲ್ಲ ಅನ್ನುವ ಕಾರಣಕ್ಕೆ ಯಾರೂ ಅಸಾದ್‌ನನ್ನು ಹೊರಗೆ ಹಾಕಲಿಲ್ಲ. ಹಾಗೆ ಹಾಕುವುದಾದರೆ ಸಭೆಯಲ್ಲಿ ಕೂರಲು ಯಾರೂ ಉಳಿಯುತ್ತಿರಲಿಲ್ಲ. 2011ರಲ್ಲಿ ಅವನು ಬಿದ್ದೇ ಬೀಳುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು, ಅದು ಒಂದು. ಅವನು ಇರಾನ್ ಪಾಳೆಯದವನು, ಅದು ಸೌದಿಗೆ ಆಗದ ವಿಷಯ, ಅದು ಇನ್ನೊಂದು. ಕತಾರ್ ಮತ್ತು ಸೌದಿ ಬಂಡುಕೋರರಿಗೆ ಹಣ, ಆಯುಧ ಎರಡೂ ಕೊಟ್ಟವು.

ಆದರೂ ಎಲ್ಲ ಸರ್ವಾಧಿಕಾರವೂ ಒಂದೇ ಅಂತ ಹೇಳಿಬಿಡುವುದು ಸೋಮಾರಿತನ. 2011ರ ಮಾರ್ಚ್‌ನಿಂದ 2021ರ ಮಾರ್ಚ್‌ವರೆಗೆ ಸಿರಿಯಾದಲ್ಲಿ 3 ಲಕ್ಷ 6 ಸಾವಿರಕ್ಕೂ ಹೆಚ್ಚು ನಾಗರಿಕರು ಸತ್ತಿದ್ದಾರೆ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಅಂದಾಜು ಮಾಡಿದೆ. ಸೈನಿಕರು, ಬಂಡುಕೋರರು ಬೇರೆ. 2013ರ ಆಗಸ್ಟ್ 21ರಂದು ಡಮಾಸ್ಕಸ್ ಪಕ್ಕದ ಘೂತಾದಲ್ಲಿ ಜನರ ಮೇಲೆ ವಿಷಾನಿಲ ಬಿತ್ತು. ಸೀಸರ್ ಅನ್ನುವ ಗುಪ್ತನಾಮದ ಸೇನಾ ಫೋಟೋಗ್ರಾಫರ್ ಅದೇ ವರ್ಷ ಸಾವಿರಾರು ಫೋಟೋ ಹೊತ್ತು ಹೊರಗೆ ಓಡಿಬಂದ. ಜೈಲಿನಲ್ಲಿ ಸತ್ತವರ ಫೋಟೋಗಳು, ಮೈ ಮೇಲೆ ನಂಬರ್ ಬರೆದವು. ಇದನ್ನೆಲ್ಲ ನೋಡಿದ ಮೇಲೂ 'ಅವನೂ ಹಾಗೆ, ಇವರೂ ಹಾಗೆ' ಅಂದರೆ ನನಗೆ ಒಪ್ಪಿಗೆಯಿಲ್ಲ.

ಹಾಗಿದ್ದರೆ ಮತ್ತೆ ಬಾಗಿಲು ತಟ್ಟಿದ್ದು ಯಾರು?

ಮೊದಲು ಬಂದಿದ್ದು ಸುಡಾನ್‌ನ ಒಮರ್ ಅಲ್-ಬಶೀರ್, 2018ರ ಡಿಸೆಂಬರ್‌ನಲ್ಲಿ. ಯುದ್ಧ ಶುರುವಾದ ಮೇಲೆ ಡಮಾಸ್ಕಸ್‌ಗೆ ಬಂದ ಮೊದಲ ಅರಬ್ ನಾಯಕ. (ನಾಲ್ಕೇ ತಿಂಗಳಿಗೆ ಅವನ ಗಾದಿಯೇ ಹೋಯಿತು, ಶಕುನ ಚೆನ್ನಾಗಿರಲಿಲ್ಲ ಅನ್ನಿ.) ಅದೇ ತಿಂಗಳ 27ಕ್ಕೆ ಯುಎಇ ತನ್ನ ರಾಯಭಾರ ಕಚೇರಿಯ ಬೀಗ ತೆಗೆಯಿತು, ಹಿಂದೆಯೇ ಬಹ್ರೇನ್. 2020ರಲ್ಲಿ ಒಮಾನ್ ರಾಯಭಾರಿಯನ್ನೇ ಕಳಿಸಿತು. 2021ರ ನವೆಂಬರ್‌ನಲ್ಲಿ ಯುಎಇ ವಿದೇಶಾಂಗ ಸಚಿವರು ಡಮಾಸ್ಕಸ್‌ಗೆ ಹೋದರು. 2022ರ ಮಾರ್ಚ್‌ನಲ್ಲಿ ಅಸಾದ್ ಯುಎಇಗೆ ಬಂದ. ದಂಗೆ ಶುರುವಾದ ಅದೇ ಮಾರ್ಚ್ ತಿಂಗಳು, ಹನ್ನೊಂದು ವರ್ಷದ ನಂತರ.

ಎಲ್ಲರಿಗೂ ಒಂದೇ ಕಾರಣವಾ?

ಇಲ್ಲ, ಅದೇ ತಮಾಷೆ. ಒಬ್ಬೊಬ್ಬರ ಜೇಬಿನಲ್ಲಿ ಒಂದೊಂದು ಲೆಕ್ಕ.

ಯುಎಇ ಲೆಕ್ಕ ಹೀಗಿತ್ತು: ಅಸಾದ್ ಗೆದ್ದಾಯಿತು. 2015ರಲ್ಲಿ ರಷ್ಯಾ ವಿಮಾನಗಳು ಬಂದವು, 2016ರ ಕೊನೆಗೆ ಉತ್ತರದ ದೊಡ್ಡ ನಗರ ಅಲೆಪ್ಪೊ ಪೂರ್ತಿ ಅವನ ಕೈಗೆ ಬಂತು. ನಾವು ದೂರ ಇದ್ದಷ್ಟೂ ಆ ಜಾಗವನ್ನು ಇರಾನ್ ಮತ್ತು ಟರ್ಕಿ ತುಂಬುತ್ತವೆ, ಅದಕ್ಕಿಂತ ಒಳಗೆ ಹೋಗಿ ಕೂರೋಣ.

ಜೋರ್ಡಾನ್‌ನದು ಹೊಟ್ಟೆಪಾಡು. ಸಿರಿಯಾ ದಾಟಿಯೇ ಅದರ ಲಾರಿಗಳು ಲೆಬನಾನ್, ಟರ್ಕಿಗೆ ಹೋಗಬೇಕು. ಎರಡು ದೇಶಗಳ ನಡುವಿನ ನಸೀಬ್ ಗಡಿ 2015ರಿಂದ ಮೂರು ವರ್ಷ ಮುಚ್ಚಿತ್ತು. ಜೊತೆಗೆ ಲಕ್ಷಾಂತರ ನಿರಾಶ್ರಿತರು. ಮರುಭೂಮಿಯಲ್ಲಿ 2012ರಲ್ಲಿ ಹಾಕಿದ ಝಾತರಿ ಶಿಬಿರ ಟೆಂಟ್‌ನಿಂದ ತಗಡಿನ ಮನೆಗಳಾಗಿ, ಅಂಗಡಿ ಬೀದಿಯಾಗಿ, ಸುಮಾರು 80 ಸಾವಿರ ಜನರ ಪೇಟೆಯೇ ಆಗಿಬಿಟ್ಟಿತು. 2021ರ ಅಕ್ಟೋಬರ್‌ನಲ್ಲಿ ರಾಜ ಅಬ್ದುಲ್ಲಾ ಅಸಾದ್ ಜೊತೆ ಫೋನಿನಲ್ಲಿ ಮಾತಾಡಿದರು. ನಾನು ಜೋರ್ಡಾನ್ ಅನ್ನು ಅಷ್ಟು ಬೈಯುವುದಿಲ್ಲ. ಅದಕ್ಕೆ ಅತ್ತ ದರಿ, ಇತ್ತ ಪುಲಿ. ಪಕ್ಕದ ಮನೆಯವನು ಎಂಥವನೇ ಆಗಿರಲಿ, ಬೇಲಿ ಒಂದೇ ಇದ್ದಾಗ ಮಾತು ಬಿಡುವುದು ಕಷ್ಟ.

ಸೌದಿ ಬಂದದ್ದು ತಡವಾಗಿ. ಅದರ ತಲೆನೋವು ಎರಡು, ಇರಾನ್ ಮತ್ತು ಮಾತ್ರೆ. 2023ರ ಮಾರ್ಚ್‌ನಲ್ಲಿ ಬೀಜಿಂಗ್‌ನಲ್ಲಿ ಇರಾನ್ ಜೊತೆಗೇ ರಾಜಿ ಆದ ಮೇಲೆ ಇರಾನ್‌ನ ಗೆಳೆಯನ ಮೇಲೆ ಯಾಕೆ ಮುನಿಸು ಅಂತಾಯಿತು.

ಮಾತ್ರೆನಾ? ಯಾವ ಮಾತ್ರೆ?

ಕ್ಯಾಪ್ಟಗಾನ್. ಈ ಇಡೀ ಕಥೆಯಲ್ಲಿ ನಮ್ಮ ಕಡೆಯವರಿಗೆ ಕಡಿಮೆ ಗೊತ್ತಿರುವ ಭಾಗ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

1960ರ ದಶಕದಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಔಷಧದ ಹೆಸರು ಅದು. ಆಮೇಲೆ ನಿಷೇಧ ಆಯಿತು. ಹೆಸರು ಮಾತ್ರ ಉಳಿಯಿತು. ಈಗ ಆ ಹೆಸರಿನಲ್ಲಿ ಸಿಗುವುದು ಕಳ್ಳ ಕಾರ್ಖಾನೆಯ ಆಂಫೆಟಮಿನ್ ಮಾತ್ರೆ. ನಿದ್ದೆ ಬರಲ್ಲ, ಹಸಿವಾಗಲ್ಲ, ಭಯ ಆಗಲ್ಲ. ಹೋರಾಡುವವನೂ ನುಂಗುತ್ತಾನೆ, ರಾತ್ರಿಯಿಡೀ ಕಾರು ಓಡಿಸುವ ಶ್ರೀಮಂತರ ಮಗನೂ ನುಂಗುತ್ತಾನೆ. ದೊಡ್ಡ ಗಿರಾಕಿ ಸೌದಿ. ಯುದ್ಧದಲ್ಲಿ ಸಿರಿಯಾದ ಹತ್ತಿ, ಎಣ್ಣೆ, ಕಾರ್ಖಾನೆ ಎಲ್ಲ ನೆಲ ಕಚ್ಚಿದ ಮೇಲೆ ಇದೇ ಸರ್ಕಾರದ ದೊಡ್ಡ ಸಂಪಾದನೆ ಆಯಿತು. ಅಧ್ಯಕ್ಷನ ತಮ್ಮ ಮಾಹೇರ್ ಅಲ್-ಅಸಾದ್‌ನ ಕೈಕೆಳಗಿದ್ದ ಸೇನೆಯ ನಾಲ್ಕನೇ ಡಿವಿಷನ್ ಇದರ ಬೆನ್ನಿಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅನ್ನುತ್ತೇವಲ್ಲ, ಇಲ್ಲಿ ಬೇಲಿ ಪಕ್ಕದವರ ಹೊಲಕ್ಕೂ ನುಗ್ಗಿತು.

ಸಾಗಿಸುವ ರೀತಿ ಕೇಳಬೇಕು. 2021ರಲ್ಲಿ ಲೆಬನಾನ್‌ನಿಂದ ಸೌದಿಗೆ ಬಂದ ದಾಳಿಂಬೆ ಹಣ್ಣು ಬಿಡಿಸಿದರೆ ಕಾಳಿನ ಜಾಗದಲ್ಲಿ ಮಾತ್ರೆ, ಒಟ್ಟು 50 ಲಕ್ಷಕ್ಕೂ ಜಾಸ್ತಿ. ಸೌದಿಯವರು ಲೆಬನಾನ್‌ನ ಹಣ್ಣು ತರಕಾರಿಯನ್ನೇ ನಿಲ್ಲಿಸಿಬಿಟ್ಟರು. ಮುಂದಿನ ವರ್ಷ ಹಿಟ್ಟಿನ ಸರಕಿನಲ್ಲಿ ಸುಮಾರು 4 ಕೋಟಿ 70 ಲಕ್ಷ ಮಾತ್ರೆ ಸಿಕ್ಕವು. 2022ರ ಜನವರಿಯಲ್ಲಿ ಹಿಮ ಸುರಿಯುವ ರಾತ್ರಿ ಗಡಿ ದಾಟುತ್ತಿದ್ದ 27 ಕಳ್ಳಸಾಗಣೆದಾರರನ್ನು ಜೋರ್ಡಾನ್ ಸೈನ್ಯ ಕೊಂದಿತು. ಅಸಾದ್ ಓಡಿಹೋದ ಮೇಲೆ ಡಮಾಸ್ಕಸ್ ಪಕ್ಕದ ದೂಮಾದಲ್ಲಿ ಒಂದು ಚಿಪ್ಸ್ ಕಾರ್ಖಾನೆಗೆ ಪತ್ರಕರ್ತರು ಹೋದರು. ಅಲ್ಲಿ ವೋಲ್ಟೇಜ್ ಸ್ಟೆಬಿಲೈಸರ್‌ಗಳ ರಾಶಿ. ನಮ್ಮ ಮನೆಯಲ್ಲಿ ಫ್ರಿಜ್ ಪಕ್ಕ ಗುಂಯ್ ಅನ್ನುತ್ತಾ ಇರುತ್ತಲ್ಲ, ಅದೇ ಪೆಟ್ಟಿಗೆ. ಒಳಗಿನ ತಾಮ್ರದ ಸುರುಳಿ ಒಡೆದರೆ ಮಾತ್ರೆಗಳು ಉದುರಿದವು. ಆ ಫೋಟೋ ನೋಡಿದ ಮೇಲೆ ನಮ್ಮನೆ ಸ್ಟೆಬಿಲೈಸರ್ ನೋಡಿದಾಗೆಲ್ಲ ಅದೇ ನೆನಪು.

ಭೂಕಂಪದಿಂದಲೇ ಎಲ್ಲ ಬದಲಾಯಿತು ಅಂತಾರಲ್ಲ?

ಬದಲಾಗುತ್ತಿದ್ದದ್ದಕ್ಕೆ ನೆಪ ಸಿಕ್ಕಿತು ಅನ್ನುವುದು ಸರಿ. 2023ರ ಫೆಬ್ರವರಿ 6ರ ಬೆಳಗಿನ ಜಾವ 7.8 ತೀವ್ರತೆಯ ಭೂಕಂಪ ಟರ್ಕಿ ಮತ್ತು ಉತ್ತರ ಸಿರಿಯಾವನ್ನು ನಡುಗಿಸಿತು. ಸಾವಿನ ಮನೆಗೆ ಹೋಗಲು ಯಾರೂ ಹಳೇ ಜಗಳ ನೋಡುವುದಿಲ್ಲ, ನಮ್ಮಲ್ಲೂ ಹಾಗೇ ಅಲ್ವಾ. ಫೆಬ್ರವರಿ 14ಕ್ಕೆ ಸೌದಿಯ ನೆರವಿನ ವಿಮಾನ ಅಲೆಪ್ಪೊದಲ್ಲಿ ಇಳಿಯಿತು. ತಿಂಗಳ ಕೊನೆಗೆ ಈಜಿಪ್ಟ್ ವಿದೇಶಾಂಗ ಸಚಿವರು ಡಮಾಸ್ಕಸ್‌ನಲ್ಲಿದ್ದರು. ಏಪ್ರಿಲ್ 18ಕ್ಕೆ ಸೌದಿ ವಿದೇಶಾಂಗ ಸಚಿವರೇ ಬಂದರು. ಸಾವಿನ ಮನೆಗೆ ಬಂದವರು ಸಂಬಂಧ ಕುದುರಿಸಿ ಎದ್ದರು.

ಜೆಡ್ಡಾದಲ್ಲಿ ಏನಾಯಿತು?

ಮೇ 7ರಂದು ಕೈರೋದಲ್ಲಿ ಸೇರಿದ 13 ದೇಶಗಳ ಮಂತ್ರಿಗಳು ಸಿರಿಯಾವನ್ನು ವಾಪಸ್ ತಗೊಂಡರು. 12 ದಿನಕ್ಕೆ ಸೌದಿಯ ಜೆಡ್ಡಾದಲ್ಲಿ ಲೀಗ್‌ನ ಶೃಂಗಸಭೆ. ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಅಸಾದ್‌ನನ್ನು ಅಪ್ಪಿ ಸ್ವಾಗತಿಸಿದರು. ಅದೇ ಸಭೆಗೆ ಉಕ್ರೇನ್‌ನ ಝೆಲೆನ್ಸ್ಕಿಯೂ ಅತಿಥಿ. ರಷ್ಯಾದ ಬಾಂಬಿನ ಬಲದಿಂದ ಉಳಿದುಕೊಂಡವನು ಒಬ್ಬ, ರಷ್ಯಾದ ಬಾಂಬ್ ತಿನ್ನುತ್ತಿರುವವನು ಇನ್ನೊಬ್ಬ, ಒಂದೇ ಹಾಲ್‌ನಲ್ಲಿ. ಅಸಾದ್ ಭಾಷಣದಲ್ಲಿ ಟರ್ಕಿಯನ್ನು ಬೈದ. ಮಾಡಿದ್ದಕ್ಕೆ ಒಂದು ಮಾತಿನ ಪಶ್ಚಾತ್ತಾಪವೂ ಇರಲಿಲ್ಲ. ಕತಾರ್‌ನ ಅಮೀರ್ ಬಂದಿದ್ದರು, ಆದರೆ ಅಸಾದ್ ಮಾತಾಡುವ ಮುಂಚೆಯೇ ಹೊರಟುಹೋದರು.

ಷರತ್ತೇ ಹಾಕಲಿಲ್ವಾ?

ಹಾಕಿದರು, ಬಾಯಿ ಮಾತಲ್ಲಿ. ಮೇ 1ರಂದು ಅಮ್ಮಾನ್‌ನಲ್ಲಿ ಜೋರ್ಡಾನ್, ಸೌದಿ, ಇರಾಕ್, ಈಜಿಪ್ಟ್ ಮತ್ತು ಸಿರಿಯಾದ ವಿದೇಶಾಂಗ ಸಚಿವರು ಕೂತು ಒಂದು ಪಟ್ಟಿ ಮಾಡಿದರು. ಮಾತ್ರೆ ಸಾಗಣೆ ನಿಲ್ಲಿಸಬೇಕು, ನಿರಾಶ್ರಿತರು ಮರ್ಯಾದೆಯಿಂದ ಮರಳುವಂತೆ ಮಾಡಬೇಕು, ರಾಜಕೀಯ ಪರಿಹಾರ ಹುಡುಕಬೇಕು. ನೀನು ಒಂದು ಹೆಜ್ಜೆ ಇಡು, ನಾವು ಒಂದು ಇಡುತ್ತೇವೆ ಅನ್ನುವುದು ಜೋರ್ಡಾನ್‌ನ ಸೂತ್ರ. ಕೇಳಲು ಚೆನ್ನಾಗಿದೆ. ಆದರೆ ಅವನು ಒಂದು ಹೆಜ್ಜೆ ಇಡುವ ಮುಂಚೆ, ಆರೇ ದಿನದಲ್ಲಿ, ಇವರು ಕೊನೆಯ ಹೆಜ್ಜೆಯನ್ನೇ ಇಟ್ಟುಬಿಟ್ಟರು.

ಮನೆ ಕಟ್ಟಿಸಿದವರಿಗೆ ಇದು ಗೊತ್ತು. ಮೇಸ್ತ್ರಿಗೆ ಪಾಯ ತೋಡುವ ಮುಂಚೆ ಪೂರ್ತಿ ದುಡ್ಡು ಕೊಟ್ಟು ನೋಡಿ. ಆಮೇಲೆ ಫೋನೇ ಎತ್ತಲ್ಲ.

ಅಸಾದ್ ಬದಲಿಗೆ ಏನು ಕೊಟ್ಟ?

ಏನೂ ಇಲ್ಲ. ಕುರ್ಚಿ ವಾಪಸ್ ಸಿಕ್ಕ ಮರುದಿನವೇ ದಕ್ಷಿಣ ಸಿರಿಯಾದಲ್ಲಿ ಒಬ್ಬ ಕುಖ್ಯಾತ ಮಾತ್ರೆ ಸಾಗಣೆದಾರ ವೈಮಾನಿಕ ದಾಳಿಯಲ್ಲಿ ಸತ್ತ. ಮಾಡಿದ್ದು ಜೋರ್ಡಾನ್ ಅಂತ ಎಲ್ಲರೂ ಹೇಳಿದರು. ಅಸಾದ್ ಕೊಟ್ಟ ಉಡುಗೊರೆ ಅದೊಂದೇ ಇರಬಹುದು ಅಂತ ಮಾತಿತ್ತು. ಆಮೇಲೆ ಸಾಗಣೆ ನಿಲ್ಲಲಿಲ್ಲ, ಡ್ರೋನ್‌ನಲ್ಲಿ ಬರಲು ಶುರುವಾಯಿತು. ಡಿಸೆಂಬರ್ ಹೊತ್ತಿಗೆ ಗಡಿಯಲ್ಲಿ ಗುಂಡಿನ ಕಾಳಗ, 2024ರ ಜನವರಿಯಲ್ಲಿ ಜೋರ್ಡಾನ್ ವಿಮಾನದಿಂದ ದಕ್ಷಿಣ ಸಿರಿಯಾದ ಸುವೈದಾ ಕಡೆ ಬಾಂಬ್. ಸತ್ತವರಲ್ಲಿ ಹೆಂಗಸರು ಮಕ್ಕಳೂ ಇದ್ದರು. ಗೆಳೆತನ ಮಾಡಿಕೊಂಡು ಎಂಟು ತಿಂಗಳಿಗೆ ಗೆಳೆಯನ ನೆಲಕ್ಕೇ ಬಾಂಬ್ ಹಾಕುವ ಪರಿಸ್ಥಿತಿ!

2023ರ ಆಗಸ್ಟ್‌ನಲ್ಲಿ ಒಂದು ಅರಬ್ ಟಿವಿ ಸಂದರ್ಶನದಲ್ಲಿ ಅವನ ಉತ್ತರ ಹೀಗಿತ್ತು: ನೀರಿಲ್ಲ, ಕರೆಂಟಿಲ್ಲ, ಶಾಲೆ ಇಲ್ಲ, ನಿರಾಶ್ರಿತರು ಹೇಗೆ ಬರುತ್ತಾರೆ? ಅಂದರೆ ಮೊದಲು ದುಡ್ಡು ಕೊಡಿ, ಊರು ಕಟ್ಟಿ, ಆಮೇಲೆ ನೋಡೋಣ. ಊರು ಒಡೆದವನು ಯಾರು ಅನ್ನುವುದು ಬೇರೆ ಮಾತು. ಅದೇ ತಿಂಗಳು ಸುವೈದಾದಲ್ಲಿ ಮತ್ತೆ ಜನ ಬೀದಿಗಿಳಿದಿದ್ದರು.

ಅಮೆರಿಕದ ನಿರ್ಬಂಧ ಇತ್ತಲ್ಲ, ಅದಕ್ಕೇ ಕೆಲಸ ಆಗಲಿಲ್ಲವೇನೋ?

ಸ್ವಲ್ಪ ನಿಜ. ಆ ಫೋಟೋಗ್ರಾಫರ್‌ನ ಗುಪ್ತನಾಮವನ್ನೇ ಇಟ್ಟ ಸೀಸರ್ ಕಾಯ್ದೆ 2020ರ ಜೂನ್‌ನಿಂದ ಜಾರಿಯಾಯಿತು. ಸಿರಿಯಾ ಸರ್ಕಾರದ ಜೊತೆ ದೊಡ್ಡ ವ್ಯವಹಾರ ಮಾಡುವ ಯಾವ ದೇಶದ ಕಂಪನಿಗೂ ದಂಡದ ಭಯ. ದುಬೈನ ಬಿಲ್ಡರ್‌ಗಳು ನಕ್ಷೆ ಹಿಡಿದು ಕಾಯುತ್ತಿದ್ದರೂ ಡಮಾಸ್ಕಸ್‌ನಲ್ಲಿ ಒಂದು ಇಟ್ಟಿಗೆ ಇಡಲಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಆದರೆ ಮಾತ್ರೆ ನಿಲ್ಲಿಸಲು, ಕೈದಿಗಳನ್ನು ಬಿಡಲು ಅಮೆರಿಕದ ಅಪ್ಪಣೆ ಬೇಕಿರಲಿಲ್ಲ ಅಲ್ವಾ?

ಹಾಗಾದರೆ ಬಹಿಷ್ಕಾರವೇ ಸರಿಯಿತ್ತು ಅಂತೀರಾ?

ಇಲ್ಲ. ಇಲ್ಲೇ ನನ್ನ ಜೊತೆ ಜಗಳ ಆಡುವವರು ಜಾಸ್ತಿ, ಎರಡೂ ಕಡೆಯವರು.

ನಾನಿದ್ದ ಕಟ್ಟಡದ ಕೆಳಗೆ ಒಂದು ಸಲೂನ್ ಇತ್ತು. ಕೂದಲು ಕತ್ತರಿಸುತ್ತಿದ್ದವನು ಸಿರಿಯಾದ ಹೋಮ್ಸ್ ಊರಿನವನು. ಮುಖಕ್ಕೆ ದಾರ ಹಾಕಿ ಕೂದಲು ತೆಗೆಯುವುದರಲ್ಲಿ ನಿಪುಣ, ಮಾತಾಡುತ್ತಲೇ ತೆಗೆಯುತ್ತಿದ್ದ, ನೋವು ಗೊತ್ತಾಗುತ್ತಿರಲಿಲ್ಲ. ಒಂದು ಸಲ ಹೋದಾಗ ಮಾತೇ ಇಲ್ಲ. ಪಾಸ್‌ಪೋರ್ಟ್ ಅವಧಿ ಮುಗಿಯುತ್ತಿದೆ, ಹೊಸದಿಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಕೆಲಸ ಇಲ್ಲ. ಹೊರದೇಶದಲ್ಲಿದ್ದ ಸಿರಿಯಾದವರಿಗೆ ಆಗ ಪಾಸ್‌ಪೋರ್ಟ್ ಶುಲ್ಕ 300 ಡಾಲರ್, ಅರ್ಜೆಂಟ್ ಬೇಕಿದ್ದರೆ 800. ತನ್ನ ಮನೆ ಉರುಳಿಸಿದ ಸರ್ಕಾರಕ್ಕೇ ಅಷ್ಟು ದುಡ್ಡು ಎಣಿಸಿ ಕೊಡಬೇಕು. ಕೊಟ್ಟ. ಬೇರೆ ದಾರಿ ಇರಲಿಲ್ಲ.

ಪೂರ್ತಿ ಬಾಗಿಲು ಹಾಕಿ ಅನ್ನುವವರಿಗೆ ನಾನು ಇವನ ಕಥೆ ಹೇಳುತ್ತೇನೆ. ಕಚೇರಿಯೇ ಇಲ್ಲದಿದ್ದರೆ ಇವನ ಗತಿ ಏನು? ಪಾಸ್‌ಪೋರ್ಟ್, ಹುಟ್ಟಿದ ಮಗುವಿನ ದಾಖಲೆ, ಹೆಣ ಊರಿಗೆ ಕಳಿಸುವುದು, ಗಡಿಯಲ್ಲಿ ನಿಂತ ಟೊಮೆಟೊ ಲಾರಿ, ಭೂಕಂಪದ ಔಷಧಿ, ಇದಕ್ಕೆಲ್ಲ ಯಾರಾದರೂ ಯಾರ ಜೊತೆಗಾದರೂ ಮಾತಾಡಲೇಬೇಕು. ಹನ್ನೆರಡು ವರ್ಷದ ಬಹಿಷ್ಕಾರದಿಂದ ಅಸಾದ್ ಬಗ್ಗಲೂ ಇಲ್ಲ, ಇನ್ನಷ್ಟು ಇರಾನ್ ಮಡಿಲಿಗೆ ಬಿದ್ದ. ಅದನ್ನೂ ಒಪ್ಪಿಕೊಳ್ಳಬೇಕು.

ಆದರೆ ಮಾತಾಡಿಸುವುದು ಬೇರೆ, ಮಣೆ ಹಾಕುವುದು ಬೇರೆ. ಗಡಿಯ ಅಧಿಕಾರಿಗಳು ಮಾತಾಡಲಿ, ಚಿಕ್ಕದೊಂದು ಕಚೇರಿ ತೆರೆದಿರಲಿ, ಸಚಿವರೂ ಒಮ್ಮೆ ಹೋಗಿ ಬರಲಿ. ಶೃಂಗಸಭೆಯ ಕುರ್ಚಿ, ಅಪ್ಪುಗೆ, ಕೆಂಪು ಹಾಸು, ಇವು ಅಸಾದ್‌ಗೆ ನಿಜವಾಗಿ ಬೇಕಿದ್ದ ವಸ್ತುಗಳು. 'ನೋಡಿ, ನಾನು ಗೆದ್ದೆ, ಇವರೇ ಬಂದರು' ಅಂತ ಒಳಗಿನ ಜನಕ್ಕೆ ತೋರಿಸಲು ಬೇಕಿತ್ತು. ಅರಬ್ಬರ ಕೈಯಲ್ಲಿದ್ದ ಒಂದೇ ಬೆಲೆಬಾಳುವ ನಾಣ್ಯ ಅದು. ಒಂದು ಜೈಲಿನ ಬಾಗಿಲು ತೆಗೆಸದೆ, ಒಂದು ಕಾರ್ಖಾನೆ ಮುಚ್ಚಿಸದೆ ಅದನ್ನು ಪುಕ್ಕಟೆ ಕೊಟ್ಟರು. ಇದು ನೀತಿಯ ಮಾತು ಮಾತ್ರ ಅಲ್ಲ, ವ್ಯಾಪಾರದ ಲೆಕ್ಕದಲ್ಲೂ ದಡ್ಡತನ. ಗಲ್ಫ್‌ನವರಿಗೆ ವ್ಯಾಪಾರ ಹೇಳಿಕೊಡಬೇಕಾ?

ಕತಾರ್ ಒಂದೇ ಸರಿ ನಡೆದುಕೊಂಡಿತಾ?

ನಿಲುವು ಬದಲಿಸಲಿಲ್ಲ, ಅಷ್ಟರ ಮಟ್ಟಿಗೆ ಹೌದು. ಆದರೆ ಲೀಗ್‌ನ ನಿರ್ಧಾರಕ್ಕೆ ಅಡ್ಡ ಕಾಲು ಹಾಕಲಿಲ್ಲ, ನಾವು ಮಾತ್ರ ಸಂಬಂಧ ಬೆಳೆಸಲ್ಲ ಅಂದು ಸುಮ್ಮನಾಯಿತು. ಕತಾರ್ ಕೈಯೂ ಪೂರ್ತಿ ಸ್ವಚ್ಛ ಅಲ್ಲ, ಅದು ದುಡ್ಡು ಕೊಟ್ಟ ಗುಂಪುಗಳಲ್ಲಿ ಎಲ್ಲರೂ ಸಾಧುಗಳಾಗಿರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಎಲ್ಲ ತಲೆಕೆಳಗಾಯಿತಲ್ಲ, ಅದು ಹೇಗೆ?

ನವೆಂಬರ್ 11ಕ್ಕೆ ಅಸಾದ್ ರಿಯಾದ್‌ನಲ್ಲಿ ಅರಬ್ ಮತ್ತು ಇಸ್ಲಾಮಿಕ್ ದೇಶಗಳ ಸಭೆಯಲ್ಲಿ ಕೂತಿದ್ದ. ನವೆಂಬರ್ 27ಕ್ಕೆ ವಾಯವ್ಯ ಸಿರಿಯಾದ ಇದ್ಲಿಬ್ ಕಡೆಯಿಂದ ಬಂಡುಕೋರರು ಹೊರಟರು. ಎರಡು ಮೂರು ದಿನಕ್ಕೆ ಅಲೆಪ್ಪೊ, ಡಿಸೆಂಬರ್ 5ಕ್ಕೆ ಹಮಾ, ಆಮೇಲೆ ಹೋಮ್ಸ್, 8ರ ಬೆಳಗ್ಗೆ ಡಮಾಸ್ಕಸ್. ರಷ್ಯಾ ಉಕ್ರೇನ್‌ನಲ್ಲಿ ಸಿಕ್ಕಿಕೊಂಡಿತ್ತು, ಅಸಾದ್ ಪರ ಇದ್ದ ಲೆಬನಾನ್‌ನ ಸಶಸ್ತ್ರ ಗುಂಪು ಹಿಜ್ಬುಲ್ಲಾ ಇಸ್ರೇಲ್ ಜೊತೆ ಬಡಿದಾಡಿ ಸುಸ್ತಾಗಿತ್ತು, ಸಂಬಳವಿಲ್ಲದ ಸೈನಿಕರು ಸಮವಸ್ತ್ರ ಬಿಚ್ಚಿ ರಸ್ತೆ ಬದಿ ಎಸೆದು ಮನೆಗೆ ಹೋದರು. 54 ವರ್ಷದ ಅಪ್ಪ ಮಗನ ಆಳ್ವಿಕೆ 12 ದಿನದಲ್ಲಿ ಮುಗಿಯಿತು.

ಅಸಾದ್ ಸರ್ಕಾರ ವಿರೋಧಿಗಳನ್ನು ಕೂಡಿಹಾಕಿದ್ದ, ಡಮಾಸ್ಕಸ್ ಹತ್ತಿರದ ಸೈದ್ನಾಯಾ ಜೈಲಿನ ಬೀಗ ಒಡೆದರು. ಸಾವಿರಾರು ಜನ ಅಲ್ಲಿಗೆ ಓಡಿದರು. ನೆಲದ ಮೇಲೆ ಹರಡಿದ್ದ ರಿಜಿಸ್ಟರ್ ಹಾಳೆಗಳನ್ನು ಮೊಬೈಲ್ ಟಾರ್ಚ್ ಹಿಡಿದು ಓದುತ್ತಾ, ಅಣ್ಣನದೋ ಮಗನದೋ ಹೆಸರು ಹುಡುಕುತ್ತಿದ್ದರು. ಬಹಳ ಜನಕ್ಕೆ ಸಿಗಲಿಲ್ಲ. ಸೌದಿ ತನ್ನ ರಾಯಭಾರ ಕಚೇರಿ ಅಲ್ಲಿ ಮತ್ತೆ ತೆರೆದು ಆಗ ಮೂರು ತಿಂಗಳಾಗಿತ್ತು ಅಷ್ಟೇ.

ಈಗಿನ ಶರಾ ಜೊತೆ ಸಂಬಂಧ? ಅದೂ ಅದೇ ತಪ್ಪಾ?

ಡಮಾಸ್ಕಸ್ ಹಿಡಿದ ಆ ಬಂಡುಕೋರರ ನಾಯಕ ಅಹ್ಮದ್ ಅಲ್-ಶರಾ ಹಿಂದೆ ಅಲ್-ಖೈದಾ ಜೊತೆ ಇದ್ದವರು, ಅವರ ತಲೆಗೆ ಅಮೆರಿಕ 1 ಕೋಟಿ ಡಾಲರ್ ಇಟ್ಟಿತ್ತು. 2025ರ ಜನವರಿಯಲ್ಲಿ ಮಧ್ಯಂತರ ಅಧ್ಯಕ್ಷರಾದರು, ಫೆಬ್ರವರಿಯಲ್ಲಿ ಮೊದಲ ವಿದೇಶ ಪ್ರವಾಸ ಸೌದಿಗೆ. ಮೇ ತಿಂಗಳಲ್ಲಿ ರಿಯಾದ್‌ನಲ್ಲೇ ಟ್ರಂಪ್ ಅವರ ಕೈ ಕುಲುಕಿದರು. ಸಿರಿಯಾ ವಿಶ್ವಬ್ಯಾಂಕ್‌ಗೆ ಉಳಿಸಿಕೊಂಡಿದ್ದ ಸುಮಾರು 1 ಕೋಟಿ 55 ಲಕ್ಷ ಡಾಲರ್ ಬಾಕಿಯನ್ನು ಸೌದಿ ಮತ್ತು ಕತಾರ್ ತೀರಿಸಿದವು.

ವ್ಯತ್ಯಾಸ ಇದೆ. ಮಾತ್ರೆಯ ಕಾರ್ಖಾನೆಗಳನ್ನು ಈ ಸರ್ಕಾರ ಬಂದ ಕೂಡಲೇ ಹುಡುಕಿ ಸುಟ್ಟಿತು. ಹೊರದೇಶಗಳಿಂದ 10 ಲಕ್ಷಕ್ಕೂ ಹೆಚ್ಚು ಜನ ಒಂದೇ ವರ್ಷದೊಳಗೆ ವಾಪಸ್ ಬಂದರು. ಅಸಾದ್ ಹತ್ತಿರ ಬೇಡಿ ಬೇಡಿ ಸಿಗದಿದ್ದದ್ದು ಕೇಳದೆಯೇ ಬಂತು. ಆದರೆ 2025ರ ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಅಸಾದ್‌ನದೇ ಪಂಗಡವಾದ ಅಲವಿ ಜನರ ಕೊಲೆಗಳು, ಜುಲೈನಲ್ಲಿ ಸುವೈದಾದಲ್ಲಿ ದ್ರೂಜ್ ಅನ್ನುವ ಅಲ್ಪಸಂಖ್ಯಾತ ಪಂಗಡದ ಜನರ ಮೇಲೆ ದಾಳಿ, ಸರ್ಕಾರದ ಪಡೆಗಳ ಹೆಸರೂ ಅದರಲ್ಲಿ. ಆಗ ರಿಯಾದ್, ದೋಹಾ ಎಷ್ಟು ಗಟ್ಟಿಯಾಗಿ ಕೇಳಿದವು? ನನಗೆ ಕೇಳಿಸಲಿಲ್ಲ. ಮಣೆ ಹಾಕುವ ಆತುರ ಹಾಗೇ ಇದೆ, ಕೂತವರು ಬದಲಾಗಿದ್ದಾರೆ.

ಭಾರತ ಏನು ಮಾಡಿತು?

ಡಮಾಸ್ಕಸ್‌ನಲ್ಲಿ ನಮ್ಮ ರಾಯಭಾರ ಕಚೇರಿ ಯುದ್ಧದುದ್ದಕ್ಕೂ ತೆರೆದೇ ಇತ್ತು. ಭೂಕಂಪಕ್ಕೆ ಔಷಧಿ ಹೋಯಿತು. ಅಸಾದ್ ಓಡಿದ ಎರಡೇ ದಿನಕ್ಕೆ 75 ಭಾರತೀಯರನ್ನು ಲೆಬನಾನ್ ದಾರಿಯಲ್ಲಿ ಹೊರಗೆ ತಂದರು. ಅವರಲ್ಲಿ 44 ಜನ ಸಯ್ಯಿದಾ ಜೈನಬ್ ದರ್ಗಾಕ್ಕೆ ಹೋಗಿದ್ದ ಜಮ್ಮು ಕಾಶ್ಮೀರದ ಯಾತ್ರಿಕರು. ಕಚೇರಿ ತೆರೆದಿರಬೇಕು ಅಂತ ನಾನು ಹೇಳುವುದು ಇದಕ್ಕೇ.

ಸಲೂನಿನ ಆ ಗೆಳೆಯ ಈಗ ಎಲ್ಲಿದ್ದಾನೆ?

ಶಾರ್ಜಾದಲ್ಲೇ. 2025ರಲ್ಲಿ ಹೋಮ್ಸ್‌ಗೆ ಎರಡು ವಾರ ಹೋಗಿಬಂದ. ಕರೆಂಟು ದಿನಕ್ಕೆ ಎರಡು ಮೂರು ಗಂಟೆ, ಆದ್ದರಿಂದ ಮಷಿನ್ ಬಿಟ್ಟು ಕತ್ತರಿಯಲ್ಲೇ ನೆಂಟರೆಲ್ಲರ ಕೂದಲು ಕತ್ತರಿಸಿದನಂತೆ. ವಾಪಸ್ ಹೋಗಿ ಇರುತ್ತೀಯಾ ಅಂತ ವಾಟ್ಸಾಪ್‌ನಲ್ಲಿ ಕೇಳಿದೆ. ಮಕ್ಕಳ ಶಾಲೆ ಮುಗಿಯಲಿ, ಆಮೇಲೆ ನೋಡೋಣ ಅಂದ. ಗಲ್ಫ್‌ನಲ್ಲಿರುವ ನಮ್ಮ ಭಟ್ಕಳ, ಮಂಗಳೂರು ಕಡೆಯವರನ್ನು ಕೇಳಿದರೂ ಇದೇ ಉತ್ತರ.